ಸಸ್ಯಗಳು ನೇರಳಾತೀತ ಬೆಳಕನ್ನು ಗ್ರಹಿಸುವ ಬಗೆ: ಸಸಿಮಡಿಯಿಂದ ಹೊಲದವರೆಗೆ ತಿಳಿದಿರಬೇಕಾದ ಅಂಶಗಳು

ಕಡುನೇರಳೆ ಬಣ್ಣದ ಬದನೆಕಾಯಿಯೊಂದನ್ನು ತೆಗೆದುಕೊಂಡು, ತೊಟ್ಟಿನ ಬಳಿ ಟೊಪ್ಪಿಗೆಯಂತೆ ಅಂಟಿಕೊಂಡಿರುವ ಹಸಿರು ಭಾಗವನ್ನು ಮೆಲ್ಲನೆ ಎತ್ತಿ ನೋಡಿರಿ. ಅನೇಕ ತಳಿಗಳಲ್ಲಿ ಅದರ ಅಡಿಯ ಸಿಪ್ಪೆಯು ಬಿಳಿಯಾಗಿ ಅಥವಾ ತೆಳುಹಸಿರಾಗಿ ಇರುತ್ತದೆ. ಕಾಯಿ ಒಂದೇ, ಅದಕ್ಕೆ ದೊರೆತ ನೀರು ಗೊಬ್ಬರವೂ ಒಂದೇ; ಆದರೆ ಆ ಜಾಗಕ್ಕೆ ಬೆಳಕು ತಲುಪಿಲ್ಲವಾದ ಕಾರಣ ಅಲ್ಲಿ ಬಣ್ಣ ಮೂಡಿಲ್ಲ. ಸಿಪ್ಪೆಯಲ್ಲಿ ನೇರಳೆ ಬಣ್ಣವನ್ನು ತಯಾರಿಸಬೇಕೆಂಬ ಸೂಚನೆಯು ಬೆಳಕಿನಿಂದಲೇ ಬರುತ್ತದೆ. ಆ ಸೂಚನೆಯನ್ನು ಕೊಡುವುದರಲ್ಲಿ ನೀಲಿ ಬೆಳಕಿನ ಜೊತೆಗೆ, ನಮ್ಮ ಕಣ್ಣಿಗೆ ಕಾಣದ ನೇರಳಾತೀತ ಬೆಳಕಿಗೂ ಮುಖ್ಯ ಪಾತ್ರವಿದೆ.

ನೇರಳಾತೀತ ಕಿರಣಗಳೆಂದರೆ ಕೇವಲ ಹಾನಿಕಾರಕ ಎಂಬ ಭಾವನೆ ಸಾಮಾನ್ಯವಾಗಿದೆ. ಅವು ಹಾನಿಯನ್ನು ಮಾಡಬಲ್ಲವೆಂಬುದು ನಿಜವೇ. ಆದರೆ ಸಸ್ಯಗಳು ಈ ಬೆಳಕನ್ನು ಗುರುತಿಸಿ, ಬರಲಿರುವ ಬಿಸಿಲಿಗೆ ಮುಂಚಿತವಾಗಿಯೇ ಸಿದ್ಧವಾಗುತ್ತವೆ. ಈ ಬೆಳಕನ್ನು ಕಾಣದೆ ಬೆಳೆದ ಸಸಿ, ಎಲೆ ಅಥವಾ ಕಾಯಿಯು ಸಿದ್ಧತೆಯಿಲ್ಲದೆ ಬಿಸಿಲಿಗೆ ಬಿದ್ದಾಗ ಸುಡುತ್ತದೆ. ನಾಟಿಯ ನಂತರ ಸಸಿಗಳು ಬಿಳಿಚಿಕೊಳ್ಳುವುದು, ಚಾಟನಿಯ ನಂತರ ದಾಳಿಂಬೆ ಕಾಯಿಗಳು ಸುಡುವುದು, ಪಾಲಿಹೌಸ್‌ನಲ್ಲಿ ಬದನೆಗೆ ಬಣ್ಣ ಬಾರದಿರುವುದು - ಇವೆಲ್ಲವುಗಳ ಹಿಂದೆ ಈ ಒಂದು ಕಾರಣವೂ ಇರುತ್ತದೆ. ಅದನ್ನು ಅರಿತರೆ ಹೆಚ್ಚಿನ ಖರ್ಚಿಲ್ಲದೆ ನಷ್ಟವನ್ನು ತಗ್ಗಿಸಬಹುದು.

ನೇರಳಾತೀತ ಬೆಳಕು ಎಂದರೇನು?

ಕಾಮನಬಿಲ್ಲಿನಲ್ಲಿ ನಾವು ಕಾಣುವ ಕೊನೆಯ ಬಣ್ಣ ನೇರಳೆ. ಅದರ ಆಚೆಗೂ ಬೆಳಕು ಇದೆ. ಬೆಳಕಿನ ಅಲೆಯ ಉದ್ದವನ್ನು ನ್ಯಾನೋಮೀಟರ್‌ಗಳಲ್ಲಿ ಅಳೆಯುತ್ತಾರೆ. ಒಂದು ನ್ಯಾನೋಮೀಟರ್ ಎಂದರೆ ಒಂದು ಮೀಟರಿನ ನೂರು ಕೋಟಿಯಲ್ಲಿ ಒಂದು ಭಾಗ. ಅಲೆಯ ಉದ್ದ ಕಡಿಮೆಯಾದಷ್ಟೂ ಬೆಳಕಿನ ಕಣದಲ್ಲಿರುವ ಶಕ್ತಿ ಹೆಚ್ಚು. ನೇರಳಾತೀತ ಬೆಳಕನ್ನು ಮೂರು ಗುಂಪುಗಳಾಗಿ ವಿಂಗಡಿಸಲಾಗಿದೆ.

• ಯುವಿ-ಎ (315 ರಿಂದ 400 ನ್ಯಾನೋಮೀಟರ್): ಭೂಮಿಗೆ ತಲುಪುವ ನೇರಳಾತೀತ ಬೆಳಕಿನಲ್ಲಿ ಬಹುಪಾಲು ಇದೇ ಆಗಿದೆ.
• ಯುವಿ-ಬಿ (280 ರಿಂದ 315 ನ್ಯಾನೋಮೀಟರ್): ಇದರ ಹೆಚ್ಚಿನ ಭಾಗವನ್ನು ಓಝೋನ್ ಪದರವು ತಡೆಯುತ್ತದೆ. ಅಲ್ಪ ಪ್ರಮಾಣ ಮಾತ್ರ ನೆಲಕ್ಕೆ ತಲುಪಿದರೂ ಸಸ್ಯಗಳ ಮೇಲೆ ಇದರ ಪ್ರಭಾವ ಬಹಳ.
• ಯುವಿ-ಸಿ (100 ರಿಂದ 280 ನ್ಯಾನೋಮೀಟರ್): ವಾತಾವರಣವು ಇದನ್ನು ಪೂರ್ಣವಾಗಿ ಹೀರಿಕೊಳ್ಳುತ್ತದೆ. ಹೊಲದ ಬೆಳೆಗೆ ಸೂರ್ಯನಿಂದ ಇದು ತಲುಪುವುದಿಲ್ಲ. ನೀರು ಶುದ್ಧೀಕರಣದ ದೀಪಗಳಲ್ಲಿ ಕೃತಕವಾಗಿ ಉತ್ಪಾದಿಸಿ ಬಳಸುತ್ತಾರೆ.

ಓಝೋನ್ ಪದರವನ್ನು ನಾಶಪಡಿಸುವ ರಾಸಾಯನಿಕಗಳನ್ನು ನಿಯಂತ್ರಿಸಲು 1987ರಲ್ಲಿ ಮಾಂಟ್ರಿಯಲ್ ಒಪ್ಪಂದವಾಯಿತು. ಅದರ ನೆನಪಿಗಾಗಿಯೇ ಪ್ರತಿ ವರ್ಷ ಸೆಪ್ಟೆಂಬರ್ 16ನ್ನು ಓಝೋನ್ ದಿನವೆಂದು ಆಚರಿಸಲಾಗುತ್ತದೆ. ಈ ಒಪ್ಪಂದದ ಫಲವಾಗಿ ಪದರವು ನಿಧಾನವಾಗಿ ಚೇತರಿಸಿಕೊಳ್ಳುತ್ತಿದೆ.

ನಮ್ಮ ರಾಜ್ಯದಲ್ಲಿ ಯಾವಾಗ, ಎಲ್ಲಿ ಹೆಚ್ಚು?

ಕರ್ನಾಟಕವು ಉಷ್ಣವಲಯದಲ್ಲಿರುವುದರಿಂದ ಸೂರ್ಯನು ವರ್ಷಕ್ಕೆ ಎರಡು ಬಾರಿ ನೇರ ನೆತ್ತಿಯ ಮೇಲೆ ಬರುತ್ತಾನೆ. ಬೆಂಗಳೂರು, ಮೈಸೂರು ಭಾಗಗಳಲ್ಲಿ ಇದು ಏಪ್ರಿಲ್ ಕೊನೆಯ ದಿನಗಳಲ್ಲಿ ಹಾಗೂ ಆಗಸ್ಟ್ ತಿಂಗಳ ನಡುವಿನ ನಂತರ ಸಂಭವಿಸುತ್ತದೆ. ಬೀದರ್ ಭಾಗದಲ್ಲಿ ಮೇ ಎರಡನೆಯ ವಾರದ ಹೊತ್ತಿಗೆ ಮೊದಲ ಬಾರಿ ಸಂಭವಿಸುತ್ತದೆ. ಸೂರ್ಯನು ನೆತ್ತಿಗೆ ಸಮೀಪವಾದಷ್ಟೂ ಕಿರಣಗಳು ವಾತಾವರಣದಲ್ಲಿ ಕ್ರಮಿಸುವ ದೂರ ಕಡಿಮೆಯಾಗುತ್ತದೆ; ಆದ್ದರಿಂದ ಯುವಿ-ಬಿ ಪ್ರಮಾಣ ಏರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ನೇರಳಾತೀತ ಸೂಚ್ಯಂಕದಲ್ಲಿ 11 ಮತ್ತು ಅದಕ್ಕಿಂತ ಮೇಲಿನ ಮಟ್ಟವನ್ನು ಅತಿ ತೀವ್ರ ಎಂದು ಪರಿಗಣಿಸುತ್ತಾರೆ. ಮಾರ್ಚ್‌ನಿಂದ ಮೇವರೆಗಿನ ಮೋಡವಿಲ್ಲದ ನಡುಹಗಲಿನಲ್ಲಿ ನಮ್ಮಲ್ಲಿ ಈ ಮಟ್ಟವು ಸಾಮಾನ್ಯ.

ಸಮುದ್ರಮಟ್ಟದಿಂದ ಮೇಲೇರಿದಂತೆ ಪ್ರತಿ 1000 ಮೀಟರ್‌ಗೆ ನೇರಳಾತೀತ ಬೆಳಕು ಸುಮಾರು ಶೇ. 10ರಷ್ಟು ಹೆಚ್ಚುತ್ತದೆ. ಹವೆ ತಂಪಾಗಿದ್ದರೂ ಚಿಕ್ಕಮಗಳೂರು, ಕೊಡಗಿನ ಎತ್ತರದ ಜಾಗಗಳಲ್ಲಿ ಈ ಕಿರಣ ಕಡಿಮೆಯಿರುತ್ತದೆಂದು ಭಾವಿಸಬಾರದು. ಸೆಕೆಗೂ ನೇರಳಾತೀತ ಬೆಳಕಿಗೂ ನೇರ ಸಂಬಂಧವಿಲ್ಲ. ಚದುರಿದ ಮೋಡಗಳೂ ಇದನ್ನು ಹೆಚ್ಚಾಗಿ ತಡೆಯುವುದಿಲ್ಲ. ಇದರ ಗಣನೀಯ ಭಾಗವು ಆಕಾಶದಲ್ಲಿ ಚದುರಿ ಎಲ್ಲ ದಿಕ್ಕುಗಳಿಂದಲೂ ಬರುವುದರಿಂದ, ಒಂಟಿ ಮರದ ನೆರಳಿನಲ್ಲಿಟ್ಟ ಸಸಿಗಳಿಗೂ ಸ್ವಲ್ಪ ದೊರೆಯುತ್ತದೆ.

ಸಲಕರಣೆಯಿಲ್ಲದೆ ಅಂದಾಜು ಮಾಡಲು ಒಂದು ಸುಲಭ ವಿಧಾನವಿದೆ. ಬಿಸಿಲಿನಲ್ಲಿ ನಿಂತು ನಿಮ್ಮ ನೆರಳನ್ನು ನೋಡಿರಿ. ನೆರಳು ನಿಮ್ಮ ಎತ್ತರಕ್ಕಿಂತ ಗಿಡ್ಡವಾಗಿದ್ದರೆ ಯುವಿ-ಬಿ ಪ್ರಬಲವಾಗಿದೆ ಎಂದೂ, ಉದ್ದವಾಗಿದ್ದರೆ ಸೌಮ್ಯವಾಗಿದೆ ಎಂದೂ ತಿಳಿಯಬಹುದು.

ಸಸ್ಯಕ್ಕೆ ಆಗುವ ಹಾನಿ ಮತ್ತು ದುರಸ್ತಿ

ಸಸ್ಯವು ಆಹಾರ ತಯಾರಿಸಲು ಬಿಸಿಲಿಗೆ ಮೈಯೊಡ್ಡಿ ನಿಲ್ಲಲೇಬೇಕು; ನಮ್ಮಂತೆ ನೆರಳಿಗೆ ಸರಿಯಲು ಅದಕ್ಕೆ ಸಾಧ್ಯವಿಲ್ಲ. ಯುವಿ-ಬಿ ಕಿರಣವು ಜೀವಕೋಶದ ಅನುವಂಶಿಕ ವಸ್ತುವಾದ ಡಿಎನ್‌ಎಯಲ್ಲಿ ಅಕ್ಕಪಕ್ಕದ ಎರಡು ಘಟಕಗಳನ್ನು ಒಂದಕ್ಕೊಂದು ಬೆಸೆದುಬಿಡುತ್ತದೆ. ಬೆಸೆದ ಜಾಗದಲ್ಲಿ ಡಿಎನ್‌ಎಯನ್ನು ಓದಲು ಜೀವಕೋಶಕ್ಕೆ ಅಡ್ಡಿಯಾಗುತ್ತದೆ. ಇದರೊಂದಿಗೆ ದ್ಯುತಿಸಂಶ್ಲೇಷಣೆಯ ಯಂತ್ರಾಂಗವೂ ಪೆಟ್ಟು ತಿನ್ನುತ್ತದೆ. ಎಲೆಗಳು ಬಿಳಿಚಿಕೊಳ್ಳುವುದು, ಕಂಚಿನ ಬಣ್ಣಕ್ಕೆ ತಿರುಗುವುದು, ಒಣಗಿದ ಮಚ್ಚೆಗಳಾಗುವುದು ಇದರ ಹೊರಲಕ್ಷಣಗಳು.

ಈ ಹಾನಿಯನ್ನು ಸರಿಪಡಿಸಲು ಸಸ್ಯದಲ್ಲಿ ಫೋಟೋಲಯೇಸ್ ಎಂಬ ಕಿಣ್ವವಿದೆ. ಇದು ನೀಲಿ ಹಾಗೂ ಯುವಿ-ಎ ಬೆಳಕಿನ ಶಕ್ತಿಯನ್ನೇ ಬಳಸಿ ಬೆಸುಗೆಯನ್ನು ಬಿಡಿಸುತ್ತದೆ. ಪೆಟ್ಟು ಕೊಡುವ ಬಿಸಿಲಿನಲ್ಲಿಯೇ ಮದ್ದೂ ಇದೆ. ಮನುಷ್ಯರಲ್ಲಿ ಈ ಕಿಣ್ವವಿಲ್ಲ. ಆದರೆ ದುರಸ್ತಿಗೂ ಒಂದು ಮಿತಿ ಇರುವುದರಿಂದ, ಹಾನಿಯಾಗದಂತೆ ತಡೆಯುವುದೇ ಸಸ್ಯಕ್ಕೆ ಹೆಚ್ಚು ಲಾಭದಾಯಕ. ಅದಕ್ಕಾಗಿ ಮೊದಲು ಕಿರಣವನ್ನು ಗುರುತಿಸಬೇಕು.

ಸಸ್ಯವು ಗುರುತಿಸುವ ಬಗೆ

ಸಸ್ಯಗಳಿಗೆ ಕಣ್ಣುಗಳಿಲ್ಲ, ಆದರೆ ಬೆಳಕನ್ನು ಗ್ರಹಿಸುವ ಪ್ರೋಟೀನುಗಳು ಇವೆ. ಕೆಂಪು ಬೆಳಕಿಗೆ ಫೈಟೋಕ್ರೋಮ್, ನೀಲಿ ಹಾಗೂ ಯುವಿ-ಎ ಬೆಳಕಿಗೆ ಕ್ರಿಪ್ಟೋಕ್ರೋಮ್ ಮತ್ತು ಫೋಟೋಟ್ರೋಪಿನ್ ಎಂಬ ಗ್ರಾಹಕಗಳಿವೆ. ಯುವಿ-ಬಿಯ ಗ್ರಾಹಕ ಯಾವುದೆಂಬುದು ಬಹುಕಾಲ ತಿಳಿದಿರಲಿಲ್ಲ.

ಸಾಸಿವೆ ಕುಟುಂಬಕ್ಕೆ ಸೇರಿದ ಅರಬಿಡಾಪ್ಸಿಸ್ ಎಂಬ ಪುಟ್ಟ ಗಿಡವನ್ನು ಸಸ್ಯವಿಜ್ಞಾನಿಗಳು ಪ್ರಯೋಗಗಳಿಗೆ ಹೆಚ್ಚಾಗಿ ಬಳಸುತ್ತಾರೆ. 2002ರಲ್ಲಿ ಈ ಗಿಡದ ಒಂದು ಮಾರ್ಪಾಟು ತಳಿಯನ್ನು ವರದಿ ಮಾಡಲಾಯಿತು. ಸಾಮಾನ್ಯ ಗಿಡಗಳು ತಡೆದುಕೊಳ್ಳುವ ಯುವಿ-ಬಿಯನ್ನೂ ಈ ಗಿಡಗಳು ತಾಳಲಾರದೆ ಹೋಗುತ್ತಿದ್ದವು. ಅವುಗಳಲ್ಲಿ ಕೆಟ್ಟಿದ್ದ ವಂಶವಾಹಿಗೆ ಯುವಿಆರ್8 ಎಂದು ಹೆಸರಿಡಲಾಯಿತು. ಅದರಿಂದ ತಯಾರಾಗುವ ಪ್ರೋಟೀನೇ ಯುವಿ-ಬಿಯನ್ನು ಗ್ರಹಿಸುವ ಗ್ರಾಹಕವೆಂಬುದು 2011ರಲ್ಲಿ ಖಚಿತವಾಯಿತು. ಮರುವರ್ಷ ಅದರ ರಚನೆಯೂ ಬೆಳಕಿಗೆ ಬಂದಿತು. ಅಂದರೆ ಆ ಗಿಡಗಳು ಬಿಸಿಲನ್ನು ಕಾಣಲಾರದ ಕಾರಣ ಬಿಸಿಲಿಗೆ ಸಿದ್ಧವಾಗುತ್ತಿರಲಿಲ್ಲ. ಟೊಮ್ಯಾಟೊ, ದ್ರಾಕ್ಷಿ ಮೊದಲಾದ ಬೆಳೆಗಳಲ್ಲಿಯೂ ಇದೇ ಗ್ರಾಹಕವಿದೆ. ಪಾಚಿ ಮತ್ತು ಹಾವಸೆಗಳಂತಹ ಸರಳ ಸಸ್ಯಗಳಲ್ಲಿಯೂ ಇದನ್ನು ಕಂಡಿದ್ದಾರೆ.

ಇದು ಕೆಲಸ ಮಾಡುವ ಬಗೆ ಹೀಗಿದೆ:

1. ಯುವಿ-ಬಿ ಇಲ್ಲದಿರುವಾಗ ಯುವಿಆರ್8 ಪ್ರೋಟೀನುಗಳು ನೊಗಕ್ಕೆ ಕಟ್ಟಿದ ಎತ್ತುಗಳಂತೆ ಎರಡೆರಡಾಗಿ ಜೋಡಿಗೊಂಡಿರುತ್ತವೆ.

2. ಯುವಿ-ಬಿ ಬಿದ್ದಾಗ ಆ ಪ್ರೋಟೀನಿನಲ್ಲಿರುವ ಟ್ರಿಪ್ಟೊಫಾನ್ ಎಂಬ ಅಮೈನೋ ಆಮ್ಲವು ಅದನ್ನು ಹೀರಿಕೊಳ್ಳುತ್ತದೆ. ಹೆಚ್ಚು ಪೌಷ್ಟಿಕ ಮೆಕ್ಕೆಜೋಳದ ತಳಿಗಳ ವಿಚಾರದಲ್ಲಿ ನೀವು ಕೇಳಿರಬಹುದಾದ ಟ್ರಿಪ್ಟೊಫಾನ್ ಇದೇ. ಇತರ ಗ್ರಾಹಕಗಳಿಗೆ ಬೆಳಕು ಹೀರಲು ಪ್ರತ್ಯೇಕ ಬಣ್ಣದ ಅಣು ಬೇಕಾಗುತ್ತದೆ. ಯುವಿಆರ್8ಗೆ ತನ್ನ ಮೈಯ ಭಾಗವೇ ಸಾಕು.

3. ಬೆಳಕು ಹೀರಿದೊಡನೆ ಜೋಡಿಯು ಬಿಡಿಯಾಗುತ್ತದೆ. ಇದಕ್ಕೆ ದಿನಗಳು ಬೇಕಿಲ್ಲ, ನಿಮಿಷಗಳಲ್ಲಿಯೇ ಮುಗಿಯುತ್ತದೆ.

4. ಬಿಡಿಯಾದ ಯುವಿಆರ್8, ಸಿಒಪಿ1 ಎಂಬ ಮತ್ತೊಂದು ಪ್ರೋಟೀನನ್ನು ಹಿಡಿದುಕೊಳ್ಳುತ್ತದೆ. ಕತ್ತಲಿನಲ್ಲಿ ಎಚ್‌ವೈ5 ಎಂಬ ನಿಯಂತ್ರಕವನ್ನು ನಾಶಕ್ಕೆ ಒಪ್ಪಿಸುವುದು ಈ ಸಿಒಪಿ1. ಅದು ಸಿಕ್ಕಿಬಿದ್ದಾಗ ಎಚ್‌ವೈ5 ಉಳಿದುಕೊಂಡು, ರಕ್ಷಕ ವಸ್ತುಗಳನ್ನು ತಯಾರಿಸುವ ವಂಶವಾಹಿಗಳನ್ನು ಚಾಲನೆಗೊಳಿಸುತ್ತದೆ.

5. ಯುವಿ-ಬಿ ನಿಂತ ಮೇಲೆ ಬೇರೆ ಪ್ರೋಟೀನುಗಳ ನೆರವಿನಿಂದ ಬಿಡಿಯಾದವು ಒಂದೆರಡು ಗಂಟೆಗಳಲ್ಲಿ ಮತ್ತೆ ಜೋಡಿಯಾಗಿ ಮುಂದಿನ ಸೂಚನೆಗೆ ಕಾಯುತ್ತವೆ.

ಗುರುತಿಸುವ ಕೆಲಸಕ್ಕೆ ನಿಮಿಷಗಳು ಸಾಕು. ಆದರೆ ರಕ್ಷಕ ವಸ್ತುಗಳು ಎಲೆಯಲ್ಲಿ ಸಾಕಷ್ಟು ಶೇಖರವಾಗಲು ಕೆಲವು ದಿನಗಳು ಬೇಕು. ಬೇಸಾಯದ ದೃಷ್ಟಿಯಿಂದ ಈ ಅಂತರವೇ ಮುಖ್ಯ. ಸಸಿಗೆ ಆ ಕೆಲವು ದಿನಗಳನ್ನು ನಾವು ಕೊಡುತ್ತೇವೆಯೋ ಇಲ್ಲವೋ ಎಂಬುದರ ಮೇಲೆ ಅದರ ಮುಂದಿನ ಸ್ಥಿತಿ ನಿರ್ಧಾರವಾಗುತ್ತದೆ.

ಸಸ್ಯದ ಪ್ರತಿಕ್ರಿಯೆಗಳು

ಕಾಣದ ಕೊಡೆ: ಎಲೆಯ ಮೇಲ್ಪದರದ ಜೀವಕೋಶಗಳಲ್ಲಿ ಫ್ಲೇವೊನಾಯ್ಡ್ ಎಂಬ ವಸ್ತುಗಳು ತುಂಬಿಕೊಳ್ಳುತ್ತವೆ. ಇವು ಯುವಿ-ಬಿಯನ್ನು ಹೀರಿ, ದ್ಯುತಿಸಂಶ್ಲೇಷಣೆಗೆ ಬೇಕಾದ ಬೆಳಕನ್ನು ಮಾತ್ರ ಒಳಗೆ ಬಿಡುತ್ತವೆ. ಇವುಗಳಲ್ಲಿ ಹಲವು ನಮ್ಮ ಕಣ್ಣಿಗೆ ಬಣ್ಣರಹಿತವಾಗಿ ಕಾಣುವುದರಿಂದ, ರಕ್ಷಣೆ ಇರುವ ಎಲೆಯೂ ಇಲ್ಲದ ಎಲೆಯೂ ನೋಟಕ್ಕೆ ಒಂದೇ ರೀತಿ ಇರಬಹುದು. ಈರುಳ್ಳಿಯ ಒಣಸಿಪ್ಪೆಯಲ್ಲಿ ಹೇರಳವಾಗಿರುವ ಕ್ವೆರ್ಸೆಟಿನ್ ಈ ಗುಂಪಿಗೆ ಸೇರಿದ್ದು.

ಬಣ್ಣ: ಕೆಂಪು, ನೇರಳೆ ಬಣ್ಣಗಳನ್ನು ಕೊಡುವ ಆಂಥೋಸಯನಿನ್ ಕೂಡ ಇದೇ ಕುಟುಂಬದ್ದು. ಬದನೆಯ ಸಿಪ್ಪೆ, ಕೆಂಪು ದ್ರಾಕ್ಷಿ, ಕೆಂಪು ಗುಲಾಬಿ, ಕೆಂಪು ಲೆಟ್ಯೂಸ್ ಎಲೆಗಳ ಬಣ್ಣ ಇದರಿಂದಲೇ ಬರುತ್ತದೆ. ಮಾವಿನ ಎಳೆಚಿಗುರು ತಾಮ್ರದ ಬಣ್ಣದಲ್ಲಿರುವುದಕ್ಕೂ ಇದೇ ಕಾರಣ. ಎಲೆ ಬಲಿಯುವವರೆಗೆ ತೀವ್ರ ಬೆಳಕಿನಿಂದ ಇದು ಕಾಪಾಡುತ್ತದೆ.

ಗಿಡದ ಆಕಾರ: ಗೆಣ್ಣುಗಳ ನಡುವಿನ ಅಂತರ ಕಡಿಮೆಯಾಗುತ್ತದೆ, ಎಲೆಗಳು ಚಿಕ್ಕದಾಗಿಯೂ ದಪ್ಪವಾಗಿಯೂ ಬೆಳೆಯುತ್ತವೆ, ಮೇಲ್ಮೈಯಲ್ಲಿ ಮೇಣದ ಲೇಪ ಹೆಚ್ಚುತ್ತದೆ. ದಟ್ಟ ಎಲೆಗಳ ಅಡಿಯಲ್ಲಿ ಯುವಿ-ಬಿ ಕ್ಷೀಣಿಸುತ್ತದೆ; ಗಿಡವು ಅಲ್ಲಿ ಬೆಳಕನ್ನು ಅರಸಿ ಉದ್ದ ಬೆಳೆಯುತ್ತದೆ. ಯುವಿ-ಬಿ ದೊರೆತರೆ ತಾನು ಬಯಲಿನಲ್ಲಿದ್ದೇನೆಂದು ಗ್ರಹಿಸಿ ಆ ನೀಳ ಬೆಳವಣಿಗೆಯನ್ನು ತಡೆದುಕೊಳ್ಳುತ್ತದೆ.

ಕೀಟಗಳಿಗೆ ಪ್ರತಿರೋಧ: ದಪ್ಪವಾದ, ಫ್ಲೇವೊನಾಯ್ಡ್ ತುಂಬಿದ ಎಲೆಗಳನ್ನು ಕೆಲವು ಕೀಟಗಳು ಅಷ್ಟಾಗಿ ಇಷ್ಟಪಡುವುದಿಲ್ಲ. ಯುವಿ-ಬಿಗೆ ಒಡ್ಡಿಕೊಂಡ ಗಿಡಗಳಲ್ಲಿ ಥ್ರಿಪ್ಸ್ ಮೊದಲಾದವುಗಳ ಹಾನಿ ತಗ್ಗಿರುವುದು ಹಲವು ಪ್ರಯೋಗಗಳಲ್ಲಿ ಕಂಡುಬಂದಿದೆ.

ವಿಸ್ತರಣಾ ಕಾರ್ಯಕರ್ತರಿಗೆ ಇಲ್ಲೊಂದು ಎಚ್ಚರಿಕೆ. ಎಲೆ ನೇರಳೆ ಬಣ್ಣಕ್ಕೆ ತಿರುಗಿದಾಕ್ಷಣ ಅದು ನೇರಳಾತೀತ ಬೆಳಕಿನ ಪರಿಣಾಮವೆಂದು ತೀರ್ಮಾನಿಸಬಾರದು. ರಂಜಕದ ಕೊರತೆ, ಚಳಿ ಹಾಗೂ ಬೇರಿನ ತೊಂದರೆಗಳಿಂದಲೂ ಆಂಥೋಸಯನಿನ್ ಶೇಖರವಾಗುತ್ತದೆ. ಎಳೆಯ ಮೆಕ್ಕೆಜೋಳದ ಎಲೆಯಂಚು ನೇರಳೆಯಾದರೆ ಮೊದಲು ಮಣ್ಣು ಪರೀಕ್ಷೆಯ ವರದಿಯನ್ನು ನೋಡಿರಿ.

ನಾಟಿಗೆ ಮುನ್ನ ಸಸಿಗಳನ್ನು ಬಿಸಿಲಿಗೆ ಒಗ್ಗಿಸುವುದು

ಟೊಮ್ಯಾಟೊ, ಮೆಣಸಿನಕಾಯಿ, ಬದನೆ, ಎಲೆಕೋಸು ಮುಂತಾದ ಬೆಳೆಗಳ ಸಸಿಗಳು ಇಂದು ಬಹುಮಟ್ಟಿಗೆ ನರ್ಸರಿಗಳ ಹೊದಿಕೆಯಡಿಯಲ್ಲಿ ಟ್ರೇಗಳಲ್ಲಿ ಬೆಳೆಯುತ್ತವೆ. ಹೊದಿಕೆಯ ಹಾಳೆ ಮತ್ತು ನೆರಳು ಪರದೆಗಳು ಸೇರಿ ನೇರಳಾತೀತ ಬೆಳಕನ್ನು ಬಹಳಷ್ಟು ತಡೆಯುತ್ತವೆ. ಅಲ್ಲಿ ಬೆಳೆದ ಸಸಿಯು ಹಸಿರಾಗಿ ಸೊಂಪಾಗಿ ಕಂಡರೂ ಅದರ ಎಲೆಯಲ್ಲಿ ಕೊಡೆ ಬಿಚ್ಚಿರುವುದಿಲ್ಲ. ಮೇಣದ ಲೇಪವೂ ತೆಳುವಾಗಿರುತ್ತದೆ. ಅದನ್ನು ಟ್ರೇಯಿಂದ ತೆಗೆದು ಏಪ್ರಿಲ್ ಬಿಸಿಲಿನಲ್ಲಿ ನಾಟಿ ಮಾಡಿದರೆ ಬೇರಿನ ಆಘಾತ, ಸೆಕೆ, ಒಣಗಾಳಿ ಮತ್ತು ಯುವಿ-ಬಿ ಎಲ್ಲವೂ ಒಂದೇ ದಿನ ಎರಗುತ್ತವೆ.

ಆದ್ದರಿಂದ ನಾಟಿಗೆ ಮುನ್ನ 7 ರಿಂದ 10 ದಿನಗಳ ಕಾಲ ಸಸಿಗಳನ್ನು ಹಂತಹಂತವಾಗಿ ಒಗ್ಗಿಸಿರಿ.

• 1 ಮತ್ತು 2ನೆಯ ದಿನ: ಬೆಳಿಗ್ಗೆ 9 ಗಂಟೆಯವರೆಗೆ ಹಾಗೂ ಸಂಜೆ 4 ಗಂಟೆಯ ನಂತರ ಮಾತ್ರ ಹೊದಿಕೆ ಇಲ್ಲದ ಜಾಗದಲ್ಲಿಡಿ.
• 3 ಮತ್ತು 4ನೆಯ ದಿನ: ಬೆಳಿಗ್ಗೆ 10.30ರವರೆಗೆ ಹಾಗೂ ಮಧ್ಯಾಹ್ನ 3 ಗಂಟೆಯ ನಂತರ ಬಿಸಿಲಿಗೆ ಒಡ್ಡಿರಿ.
• 5 ಮತ್ತು 6ನೆಯ ದಿನ: ನಡುಹಗಲಿನಲ್ಲಿ ಮಾತ್ರ ತೆಳುವಾದ ನೆರಳು ಪರದೆ ಹಾಕಿರಿ.
• 7ನೆಯ ದಿನದಿಂದ: ದಿನವಿಡೀ ಬಯಲಿನಲ್ಲಿರಲಿ.

ಈ ಅವಧಿಯಲ್ಲಿ ನೀರನ್ನು ಸ್ವಲ್ಪ ತಗ್ಗಿಸಿರಿ. ಆದರೆ ಸಸಿ ಬಾಡಲು ಬಿಡಬೇಡಿ. ಸಾರಜನಕ ಗೊಬ್ಬರವನ್ನು ನಿಲ್ಲಿಸಿರಿ. ಎಲೆ ಬಿಳಿಚಿಕೊಂಡರೆ ಒಂದು ಹಂತ ಹಿಂದಕ್ಕೆ ಹೋಗಿ ಎರಡು ದಿನ ಕಾಯಿರಿ. ನರ್ಸರಿಯಿಂದ ಕೊಳ್ಳುವವರು ಸಸಿಗಳನ್ನು ಒಗ್ಗಿಸಲಾಗಿದೆಯೇ, ಎಷ್ಟು ದಿನ ಎಂದು ಕೇಳಿ ತಿಳಿದುಕೊಳ್ಳಿರಿ. ಒಗ್ಗಿಸದಿದ್ದರೆ ತಂದ ದಿನವೇ ನಾಟಿ ಮಾಡದೆ ಮೇಲಿನ ಕ್ರಮವನ್ನು ನಿಮ್ಮ ಹೊಲದ ಬದಿಯಲ್ಲಿಯೇ ಅನುಸರಿಸಬಹುದು. ನಾಟಿಯನ್ನು ಸಂಜೆಯ ವೇಳೆ ಮಾಡುವುದು ಸೂಕ್ತ.

ಅಂಗಾಂಶ ಕೃಷಿಯ ಬಾಳೆ ಸಸಿಗಳಿಗೆ ಈ ಮಾತು ಇನ್ನೂ ಹೆಚ್ಚಾಗಿ ಅನ್ವಯಿಸುತ್ತದೆ. ಅವು ಪ್ರಯೋಗಾಲಯದ ದೀಪದ ಬೆಳಕಿನಲ್ಲಿ ಜೀವನ ಆರಂಭಿಸಿರುವುದರಿಂದ ನೆರಳುಮನೆಯಲ್ಲಿ ಎರಡನೆಯ ಹಂತದ ಹದಗೊಳಿಸುವಿಕೆ ಪೂರ್ಣಗೊಂಡ ಸಸಿಗಳನ್ನೇ ಆರಿಸಿಕೊಳ್ಳಿರಿ.

ಕಾಯಿಗಳಿಗೆ ಬಿಸಿಲು ತಾಗದಂತೆ ಎಚ್ಚರ

ಎಲೆಗಳ ಮರೆಯಲ್ಲಿ ಬೆಳೆದ ಕಾಯಿಯ ಸಿಪ್ಪೆಯಲ್ಲಿಯೂ ರಕ್ಷಕ ವಸ್ತು ಕಡಿಮೆಯಿರುತ್ತದೆ. ಎಲೆಗಳನ್ನು ಒಮ್ಮೆಲೇ ತೆಗೆದರೆ, ಗಾಳಿಗೆ ಕೊಂಬೆ ಬಾಗಿದರೆ ಅಥವಾ ರೋಗದಿಂದ ಎಲೆಯುದುರಿದರೆ ಆ ಕಾಯಿ ಹಠಾತ್ತನೆ ಬಿಸಿಲಿಗೆ ಬಿದ್ದು ಸುಡುತ್ತದೆ. ದಾಳಿಂಬೆಯಲ್ಲಿ ಬಿಸಿಲು ಬೀಳುವ ಬದಿಯ ಸಿಪ್ಪೆ ಕಂದುಗಟ್ಟಿ ಗಡುಸಾಗುತ್ತದೆ. ಟೊಮ್ಯಾಟೊ, ದೊಣ್ಣೆ ಮೆಣಸಿನಕಾಯಿಗಳಲ್ಲಿ ಬಿಳಿ ಮಚ್ಚೆಗಳಾಗುತ್ತವೆ. ಇಲ್ಲಿ ಶಾಖ ಮತ್ತು ತೀವ್ರ ಬೆಳಕು ಮುಖ್ಯ ಕಾರಣಗಳಾಗಿದ್ದು, ನೇರಳಾತೀತ ಬೆಳಕು ಅವುಗಳೊಂದಿಗೆ ಸೇರಿಕೊಳ್ಳುತ್ತದೆ.

• ಎಲೆ ಹಾಗೂ ಕೊಂಬೆಗಳನ್ನು ತೆಳುಗೊಳಿಸುವುದಿದ್ದರೆ ಎರಡು ಮೂರು ಕಂತುಗಳಲ್ಲಿ, ಕೆಲವು ದಿನಗಳ ಅಂತರದಲ್ಲಿ ಮಾಡಿರಿ.
• ಪಶ್ಚಿಮ ಮತ್ತು ನೈರುತ್ಯ ದಿಕ್ಕಿನ ಎಲೆಗಳನ್ನು ಉಳಿಸಿಕೊಳ್ಳಿರಿ. ಮಧ್ಯಾಹ್ನದ ನಂತರದ ಬಿಸಿಲು, ಸೆಕೆ ಎರಡೂ ಆ ಕಡೆಯಿಂದ ಬರುತ್ತವೆ.
• ದಾಳಿಂಬೆಯಲ್ಲಿ ಶೇ. 5ರ ಕೆಯೊಲಿನ್ (ಪ್ರತಿ ಲೀಟರ್ ನೀರಿಗೆ 50 ಗ್ರಾಂ) ಸಿಂಪಡಿಸುವುದರಿಂದ ಕಾಯಿಯ ಮೇಲೆ ಬಿಳಿ ಲೇಪವಾಗಿ ಬಿಸಿಲು ಪ್ರತಿಫಲಿಸುತ್ತದೆ. ಮಳೆ ಬಂದು ತೊಳೆದುಹೋದರೆ ಮತ್ತೆ ಸಿಂಪಡಿಸಬೇಕಾಗುತ್ತದೆ.
• ವಾರಗಟ್ಟಲೆ ಮೋಡ ಕವಿದಿದ್ದು ನಂತರ ಒಮ್ಮೆಲೇ ಬಿಸಿಲು ಬಿದ್ದಾಗ ಎಳೆಯ ಎಲೆ, ಕಾಯಿಗಳನ್ನು ಗಮನಿಸಿರಿ. ಆ ದಿನಗಳಲ್ಲಿ ನೀರಿನ ಕೊರತೆಯಾಗದಿರಲಿ.

ಪಾಲಿಹೌಸ್ ಹೊದಿಕೆಯ ಆಯ್ಕೆ

ಇಲ್ಲಿ ಎರಡು ಪದಗಳು ಗೊಂದಲ ಉಂಟುಮಾಡುತ್ತವೆ. 'ಯುವಿ ಸ್ಟೆಬಿಲೈಸ್ಡ್' ಹಾಳೆ ಎಂದರೆ ಬಿಸಿಲಿಗೆ ಬೇಗನೆ ಹರಿಯದಂತೆ ಸಂರಕ್ಷಿಸಿದ ಹಾಳೆ. ಇದು ಪ್ಲಾಸ್ಟಿಕ್ಕಿನ ಬಾಳಿಕೆಗೆ ಸಂಬಂಧಿಸಿದ್ದು. 'ಯುವಿ ಬ್ಲಾಕಿಂಗ್' ಹಾಳೆ ಎಂದರೆ ಬೆಳೆಗೆ ನೇರಳಾತೀತ ಬೆಳಕು ತಲುಪದಂತೆ ತಡೆಯುವ ಹಾಳೆ. ಬಾಳಿಕೆಗಾಗಿ ಸೇರಿಸುವ ಕೆಲವು ವಸ್ತುಗಳು ಈ ಬೆಳಕನ್ನು ಹೀರಿಕೊಳ್ಳುತ್ತವೆ, ಕೆಲವು ಹೀರುವುದಿಲ್ಲ. ಆದ್ದರಿಂದ ಎರಡನ್ನೂ ಒಂದೇ ಎಂದು ತಿಳಿಯದೆ, ಯಾವ ಅಲೆಯುದ್ದದ ಬೆಳಕು ಎಷ್ಟು ಪ್ರಮಾಣದಲ್ಲಿ ಒಳಬರುತ್ತದೆ ಎಂಬ ತಾಂತ್ರಿಕ ವಿವರಪತ್ರವನ್ನು ಮಾರಾಟಗಾರರಿಂದ ಕೇಳಿ ಪಡೆಯಿರಿ. ಗಾಜು ಯುವಿ-ಬಿಯನ್ನು ತಡೆದು ಯುವಿ-ಎಯ ಹೆಚ್ಚಿನ ಭಾಗವನ್ನು ಬಿಡುತ್ತದೆ. ಪಾಲಿಕಾರ್ಬೊನೇಟ್ ಹಾಳೆಯು ಬಹುತೇಕ ಎರಡನ್ನೂ ತಡೆಯುತ್ತದೆ.

ಯಾವುದನ್ನು ಆರಿಸಬೇಕೆಂಬುದು ಬೆಳೆಯನ್ನು ಅವಲಂಬಿಸಿದೆ.

• ಕೆಂಪು ಗುಲಾಬಿ: ನೇರಳಾತೀತ ಬೆಳಕು ಅತಿಯಾದರೆ ಎಸಳಿನ ಅಂಚು ಕಪ್ಪಾಗಿ ಮಾರುಕಟ್ಟೆಯ ಬೆಲೆ ಕುಸಿಯುತ್ತದೆ. ತಡೆಯುವ ಹಾಳೆ ಉಪಯುಕ್ತ.
• ನೇರಳೆ ಬದನೆ, ಕೆಂಪು ಲೆಟ್ಯೂಸ್: ತಡೆಯುವ ಹಾಳೆಯಡಿ ಬಣ್ಣ ಮಂಕಾಗುತ್ತದೆ. ಬೆಳಕನ್ನು ಬಿಡುವ ಹಾಳೆ ಸೂಕ್ತ.
• ದೊಣ್ಣೆ ಮೆಣಸಿನಕಾಯಿ, ಟೊಮ್ಯಾಟೊ: ಬಿಳಿನೊಣ, ಥ್ರಿಪ್ಸ್ ಮತ್ತು ಅವು ಹರಡುವ ನಂಜುರೋಗಗಳ ಕಾಟ ಹೆಚ್ಚಿರುವಲ್ಲಿ ತಡೆಯುವ ಹಾಳೆಯಿಂದ ಪ್ರಯೋಜನವಿದೆ.
• ಜೇನುಹುಳುಗಳಿಂದ ಪರಾಗಸ್ಪರ್ಶವಾಗಬೇಕಾದ ಬೆಳೆಗಳು: ತಡೆಯುವ ಹಾಳೆಯಡಿ ಅವುಗಳ ಹಾರಾಟಕ್ಕೆ ತೊಡಕಾಗಬಹುದು.
• ಸಸಿ ಉತ್ಪಾದನೆ: ತಡೆಯುವ ಹಾಳೆಯನ್ನು ಬಳಸಿದಲ್ಲಿ ಒಗ್ಗಿಸುವ ಅವಧಿಯನ್ನು ಖಂಡಿತ ಬಿಡಬಾರದು.

ಕೀಟ, ರೋಗ ಮತ್ತು ಜೈವಿಕ ಪೀಡೆನಾಶಕಗಳು

ಕೀಟಗಳ ಕಣ್ಣಿಗೆ ನೇರಳಾತೀತ ಬೆಳಕು ಒಂದು ಬಣ್ಣವಾಗಿಯೇ ಕಾಣುತ್ತದೆ. ಎಷ್ಟೋ ಹೂವುಗಳ ಎಸಳಿನ ಮೇಲೆ ನಮಗೆ ಕಾಣದ, ಜೇನುಹುಳುಗಳಿಗೆ ಮಕರಂದದ ದಾರಿ ತೋರುವ ಗುರುತುಗಳಿವೆ. ಅವು ಮೂಡುವುದೂ ಇದೇ ಫ್ಲೇವೊನಾಯ್ಡ್ ಗುಂಪಿನ ವಸ್ತುಗಳಿಂದ. ಬಿಳಿನೊಣ ಮತ್ತು ಥ್ರಿಪ್ಸ್ ಹಾರುವಾಗ ಆಕಾಶದ ನೇರಳಾತೀತ ಬೆಳಕನ್ನು ಅನುಸರಿಸುತ್ತವೆ. ಅದು ಇಲ್ಲದ ಪಾಲಿಹೌಸಿನೊಳಗೆ ಅವು ಕಡಿಮೆ ಬರುತ್ತವೆ. ಬೆಳ್ಳಿ-ಕಪ್ಪು ಮಲ್ಚಿಂಗ್ ಹಾಳೆಯ ಬೆಳ್ಳಿಯ ಬದಿಯನ್ನು ಮೇಲಕ್ಕೆ ಹಾಸಿದಾಗ ಕೆಳಗಿನಿಂದ ಪ್ರತಿಫಲಿಸುವ ಬೆಳಕು ಸಸ್ಯಹೇನು, ಬಿಳಿನೊಣಗಳ ದಿಕ್ಕು ತಪ್ಪಿಸುತ್ತದೆ. ಗಿಡಗಳು ಹರಡಿ ಹಾಳೆಯನ್ನು ಮುಚ್ಚುವವರೆಗೆ ಮಾತ್ರ ಈ ಲಾಭ ದೊರೆಯುತ್ತದೆ.

ಎಲೆಗೆ ತನ್ನದೇ ಕೊಡೆ ಇದ್ದರೂ ಎಲೆಯ ಮೇಲಿರುವ ಸೂಕ್ಷ್ಮಜೀವಿಗಳಿಗೆ ಆ ರಕ್ಷಣೆ ಇಲ್ಲ. ಬೂದಿರೋಗದ ಶಿಲೀಂಧ್ರವು ಎಲೆಯ ಮೇಲ್ಮೈಯಲ್ಲಿಯೇ ಬೆಳೆಯುವುದರಿಂದ ಬಿಸಿಲಿನ ಯುವಿ-ಬಿ ಅದನ್ನು ನೇರವಾಗಿ ದುರ್ಬಲಗೊಳಿಸುತ್ತದೆ. ದ್ರಾಕ್ಷಿ ಚಪ್ಪರದಲ್ಲಿ ಎಲೆಗಳ ದಟ್ಟಣೆ ಕಡಿಮೆ ಮಾಡಿ ಬೆಳಕಾಡುವಂತೆ ನೋಡಿಕೊಳ್ಳಬೇಕೆಂಬ ಶಿಫಾರಸಿನ ಹಿಂದೆ ಗಾಳಿಯಾಟದ ಜೊತೆಗೆ ಈ ಕಾರಣವೂ ಇದೆ.

ಇದೇ ಕಾರಣಕ್ಕೆ ನಮಗೆ ಉಪಕಾರಿಯಾದ ಜೈವಿಕ ಪೀಡೆನಾಶಕಗಳೂ ಬಿಸಿಲಿನಲ್ಲಿ ಬೇಗ ಶಕ್ತಿ ಕಳೆದುಕೊಳ್ಳುತ್ತವೆ. ಬಿ.ಟಿ. ದುಂಡಾಣು, ಬ್ಯೂವೇರಿಯಾ ಮತ್ತು ಮೆಟರೈಜಿಯಂ ಶಿಲೀಂಧ್ರಗಳು, ಬೇವಿನ ಅಜಾಡಿರಾಕ್ಟಿನ್ ಮತ್ತು ಎನ್.ಪಿ.ವಿ. ನಂಜಾಣುಗಳನ್ನು ಸಂಜೆ 4 ಗಂಟೆಯ ನಂತರವೇ, ಎಲೆಯ ಕೆಳಭಾಗಕ್ಕೂ ತಾಗುವಂತೆ ಸಿಂಪಡಿಸಿರಿ. ಕಡಲೆ, ತೊಗರಿಯ ಕಾಯಿಕೊರಕಕ್ಕೆ ಎಕರೆಗೆ 100 ಎಲ್.ಇ. ಎನ್.ಪಿ.ವಿ. ಬಳಸುವಾಗ ಬೆಲ್ಲ ಹಾಗೂ ಬಟ್ಟೆಗೆ ಹಾಕುವ ನೀಲಿಯನ್ನು ಬೆರೆಸಲು ಹೇಳುವುದುಂಟು. ಆ ನೀಲಿಯು ನಂಜಾಣುವಿಗೆ ನೇರಳಾತೀತ ಬೆಳಕಿನಿಂದ ಮರೆಯಾಗುತ್ತದೆ. ಬೆಳಿಗ್ಗೆ 11 ಗಂಟೆಗೆ ಸಿಂಪಡಿಸಿ ಔಷಧಿಯೇ ಸರಿಯಿಲ್ಲವೆಂದು ದೂರುವ ಮುನ್ನ ಸಿಂಪಡಿಸಿದ ವೇಳೆಯನ್ನು ನೆನಪಿಸಿಕೊಳ್ಳುವುದು ಒಳಿತು.

ರೈತರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು

ಪ್ರಶ್ನೆ: ಸಸಿಗಳು ಉದ್ದವಾಗಿ ಬಡಕಲಾಗುತ್ತಿವೆ. ನೇರಳಾತೀತ ಬೆಳಕಿನ ಕೊರತೆಯೇ ಕಾರಣವೇ?
ಉತ್ತರ: ಅದೊಂದೇ ಅಲ್ಲ. ಒತ್ತೊತ್ತಾದ ಬಿತ್ತನೆ, ಅತಿಯಾದ ನೆರಳು, ಹೆಚ್ಚು ಸಾರಜನಕ, ಹೊದಿಕೆಯೊಳಗಿನ ಸೆಕೆ ಇವುಗಳನ್ನು ಮೊದಲು ಪರಿಶೀಲಿಸಿರಿ. ಇವು ಸರಿಯಿದ್ದರೆ ಬೆಳಗಿನ ಬಿಸಿಲಿಗೆ ಒಡ್ಡುವ ಸಮಯವನ್ನು ಹೆಚ್ಚಿಸಿರಿ.

ಪ್ರಶ್ನೆ: ಯುವಿ ದೀಪಗಳನ್ನು ತಂದು ಸಸಿಮಡಿಯಲ್ಲಿ ಅಳವಡಿಸಬಹುದೇ?
ಉತ್ತರ: ನಮ್ಮ ಬಿಸಿಲಿನಲ್ಲಿ ಬೇಕಾದಷ್ಟು ಯುವಿ-ಬಿ ಉಚಿತವಾಗಿ ದೊರೆಯುವುದರಿಂದ ಅದರ ಅಗತ್ಯವಿಲ್ಲ. ನೀರು ಶುದ್ಧೀಕರಣದ ಯುವಿ-ಸಿ ದೀಪಗಳನ್ನು ಎಂದಿಗೂ ಬಳಸಬೇಡಿ. ಅವು ಸಸಿಗಳನ್ನು ಸುಡುವುದಲ್ಲದೆ, ಕೆಲಸ ಮಾಡುವವರ ಕಣ್ಣು, ಚರ್ಮಕ್ಕೂ ತೀವ್ರ ಹಾನಿ ಮಾಡುತ್ತವೆ. ಕೆಲವು ದೇಶಗಳಲ್ಲಿ ಸ್ಟ್ರಾಬೆರಿಯ ಬೂದಿರೋಗಕ್ಕೆ ರಾತ್ರಿಯ ವೇಳೆ ಇಂತಹ ಬೆಳಕನ್ನು ಬಳಸುತ್ತಾರೆ. ಬೆಳಕಿನ ನೆರವಿಲ್ಲದೆ ಶಿಲೀಂಧ್ರವು ರಾತ್ರಿ ತನ್ನ ಹಾನಿಯನ್ನು ದುರಸ್ತಿ ಮಾಡಿಕೊಳ್ಳಲಾರದು. ಆದರೆ ಅದು ಅಳತೆ, ಸುರಕ್ಷತೆಗಳೆಲ್ಲವನ್ನೂ ನಿಯಂತ್ರಿಸುವ ಯಂತ್ರಗಳಿಂದ ಮಾತ್ರ ಸಾಧ್ಯ.

ಪ್ರಶ್ನೆ: ಒಗ್ಗಿಸುವುದರಿಂದ ಸಸಿಯ ಬೆಳವಣಿಗೆ ಕುಂಠಿತವಾಗುವುದಿಲ್ಲವೇ?
ಉತ್ತರ: ಆ ವಾರದಲ್ಲಿ ಸಸಿ ಗಿಡ್ಡವಾಗಿಯೇ ಕಾಣುತ್ತದೆ, ಎಲೆಯೂ ಚಿಕ್ಕದಾಗುತ್ತದೆ. ಆದರೆ ಹೊಲದಲ್ಲಿ ಬೇಗ ಚೇತರಿಸಿಕೊಂಡು ಆ ಹಿನ್ನಡೆಯನ್ನು ತುಂಬಿಕೊಳ್ಳುತ್ತದೆ. ಸತ್ತ ಸಸಿಯ ಜಾಗಕ್ಕೆ ಮರುನಾಟಿ ಮಾಡುವ ಕೂಲಿ, ಸಮಯಗಳಿಗೆ ಹೋಲಿಸಿದರೆ ಇದು ಅಲ್ಪ ವೆಚ್ಚ.

ನೆನಪಿಡಬೇಕಾದ ಅಂಶಗಳು

• ಸಸ್ಯವು ಯುವಿ-ಬಿಯನ್ನು ನಿಮಿಷಗಳಲ್ಲಿ ಗುರುತಿಸುತ್ತದೆ. ರಕ್ಷಣೆ ಕಟ್ಟಿಕೊಳ್ಳಲು ದಿನಗಳು ಬೇಕು.
• ಹಠಾತ್ ಬದಲಾವಣೆಯಿಂದಲೇ ಹೆಚ್ಚಿನ ಹಾನಿಯಾಗುತ್ತದೆ. ನಾಟಿ, ಚಾಟನಿ, ಹೊದಿಕೆ ತೆಗೆಯುವುದು - ಎಲ್ಲವನ್ನೂ ಹಂತಹಂತವಾಗಿ ಮಾಡಿರಿ.
• ಹಾಳೆ ಕೊಳ್ಳುವಾಗ ಬಾಳಿಕೆಯನ್ನೂ ಬೆಳಕಿನ ಗುಣವನ್ನೂ ಬೇರೆ ಬೇರೆಯಾಗಿ ವಿಚಾರಿಸಿರಿ.
• ಜೈವಿಕ ಪೀಡೆನಾಶಕಗಳನ್ನು ಸಂಜೆಯೇ ಸಿಂಪಡಿಸಿರಿ.

ವಿಸ್ತರಣಾ ಕಾರ್ಯಕರ್ತರು ಗುಂಪು ಸಭೆಗಳಲ್ಲಿ ಈ ವಿಷಯವನ್ನು ತಿಳಿಸುವಾಗ ಒಂದೇ ನರ್ಸರಿಯ ಎರಡು ಟ್ರೇಗಳನ್ನು ಬಳಸಬಹುದು. ಒಂದನ್ನು ಏಳು ದಿನ ಒಗ್ಗಿಸಿ, ಇನ್ನೊಂದನ್ನು ಹಾಗೆಯೇ ಬಿಟ್ಟು, ಒಂದೇ ಸಂಜೆ ಅಕ್ಕಪಕ್ಕದ ಸಾಲುಗಳಲ್ಲಿ ನಾಟಿ ಮಾಡಿಸಿರಿ. ಹತ್ತು ದಿನಗಳ ನಂತರ ರೈತರೊಂದಿಗೆ ಆ ಸಾಲುಗಳಲ್ಲಿ ಉಳಿದ ಸಸಿಗಳನ್ನು ಎಣಿಸಿ ದಾಖಲಿಸಿರಿ. ಬೆಳೆವಾರು ಸಲಹೆಗಾಗಿ ನಿಮ್ಮ ಸಮೀಪದ ಕೃಷಿ ವಿಜ್ಞಾನ ಕೇಂದ್ರ, ರೈತ ಸಂಪರ್ಕ ಕೇಂದ್ರ ಅಥವಾ ತೋಟಗಾರಿಕೆ ಇಲಾಖೆಯ ಕಚೇರಿಯನ್ನು ಸಂಪರ್ಕಿಸಿರಿ.